ತೂತೇ ಸಿಗದಂತೆ ಮುಚ್ಚುವ ಪುಟ್ಟಿಯ ಕುರಿತು

ಗೋಡೆಯ ತೂತು ಮುಚ್ಚುವ ಪುಟ್ಟಿ ತಯಾರಿಸುವ ಮಾನ್ಯರೇ,

ತಮಗೂ ತಮ್ಮ ಕಾರ್ಖಾನೆಗೂ ನಮ್ಮ ಮನೆಮಂದಿಯ ಅನಂತ ನಮಸ್ಕಾರಗಳು. ಈ ದೂರನ್ನು ಮೊದಲು ಕಥೆಯಾಗಿ ಹೇಳಿದವರು ಪಕ್ಕದ ಮನೆಯ ಟೈಲರ್ ಅತ್ತೆ. ಹೇಳಿದ್ದು ಕಳೆದ ಶನಿವಾರ ಸಂಜೆ, ನನ್ನ ಅಮ್ಮನ ಮಂಚದ ತುದಿಯಲ್ಲಿ ಕೂತು. ಕೇಳಿದವರು ನಾನು, ನನ್ನ ಹೆಂಡತಿ, ನನ್ನ ಭಾವ.

ಕಾಲು ಮುರಿದು ಮಲಗಿದ ಅಮ್ಮ ಹಿಡಿದು ಏಳಲೆಂದು ಮೂರು ತಿಂಗಳ ಹಿಂದೆ ಮಂಚದ ಪಕ್ಕದ ಗೋಡೆಗೆ ಹಿಡಿಕೆ ಹಾಕಲು ಹೋಗಿ, ಡ್ರಿಲ್ಲನ್ನು ತುಸು ಹೆಚ್ಚೇ ನಂಬಿ, ತೂತನ್ನು ಪಕ್ಕದ ಮನೆಯವರೆಗೆ ತಲುಪಿಸಿದ್ದೆ. ಆ ಶನಿವಾರಕ್ಕೆ ಮುಂಚಿನ ಸೋಮವಾರ ಹೆಂಡತಿ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ದಾಗ, ತಮ್ಮ ಡಬ್ಬಿಯ ಮೇಲಿನ ಸೂಚನೆಗಳನ್ನು ಚಾಚೂ ತಪ್ಪದೆ ಪಾಲಿಸಿ, ಧೂಳು ಒರೆಸಿ, ಎರಡು ಸಲ ತುಂಬಿ, ಉಜ್ಜಿ, ಬಣ್ಣ ಬಳಿದೆ. ಅಮ್ಮ ಬಂದವಳೇ ಗೋಡೆ ನೋಡಿ, ಒಂದು ಮಾತೂ ಆಡದೆ ಮಗ್ಗುಲು ಬದಲಿಸಿದಳು. ಮೆಚ್ಚುಗೆಯೆಂದೇ ನಾನು ತಿಳಿದಿದ್ದೆ.

ಅತ್ತೆ ಹೇಳಿದ್ದು ಬೇರೆ. ಅವರ ಕೈ ಇನ್ನೂ ಗಟ್ಟಿ, ಕಣ್ಣು ಮಾತ್ರ ಮಂಜು. ಅಮ್ಮನಿಗೆ ನಡೆಯಲಾಗದು, ಕಣ್ಣು ಚುರುಕು. ಆದ್ದರಿಂದ ಮುರಿದ ಕೊಡೆಯ ಕಡ್ಡಿಗೆ ಸೂಜಿ, ನೂಲು ಸಿಕ್ಕಿಸಿ ಅವರು ತೂತಿನಲ್ಲಿ ತಳ್ಳುವುದು, ಅಮ್ಮ ಪೋಣಿಸಿ ಹಿಂದಕ್ಕೆ ಕಳಿಸುವುದು. ದಿನಕ್ಕೆ ಇಪ್ಪತ್ತು ಸೂಜಿ, ಜೊತೆಗೆ ಬೀದಿಯ ಸುದ್ದಿಯಷ್ಟೂ. ನನಗೆ ತಿಳಿದರೆ ಮುಚ್ಚಿಬಿಡುತ್ತೇನೆಂದು ಗುಟ್ಟಾಗಿಟ್ಟಿದ್ದರಂತೆ. ಈಗ ಐದು ದಿನದಿಂದ ಅವರ ಗುಂಡಿ ಹೊಲಿಯುವ ಕೆಲಸ ನಿಂತು, ಗಿರಾಕಿಗಳು ಬೇರೆ ಅಂಗಡಿ ನೋಡಿಕೊಳ್ಳುತ್ತಿದ್ದಾರೆ.

“ನಿಮ್ಮಮ್ಮನ್ನ ಚೆನ್ನಾಗೇ ನೋಡ್ಕೋತಿದ್ದೀಯಪ್ಪ,” ಎಂದರು ಅತ್ತೆ. “ಆದ್ರೆ ಕೆಲಸ ಕೊಟ್ಟೋಳು ನಾನು.”

“ರಜಾ ಕೊಡ್ತಿರ್ಲಿಲ್ಲ ಅಷ್ಟೇ,” ಎಂದಳು ಅಮ್ಮ, ಐದು ದಿನದ ಮೇಲೆ ಬಾಯಿಬಿಟ್ಟು.

ಆದಕಾರಣ, ಗಾಳಿಯನ್ನೂ ಜಿರಲೆಯನ್ನೂ ತಡೆದು ಸೂಜಿ ಮತ್ತು ಸುದ್ದಿಯನ್ನು ಮಾತ್ರ ಒಳಬಿಡುವ ಪುಟ್ಟಿಯೊಂದನ್ನು ತಾವು ತಯಾರಿಸಬೇಕೆಂದೂ, ಅದುವರೆಗೆ ‘ಮುಚ್ಚುವ ಮುನ್ನ ಹಾಸಿಗೆಯಲ್ಲಿರುವವರನ್ನು ಕೇಳಿ’ ಎಂದು ಡಬ್ಬಿಯ ಮೇಲೆ ಅಚ್ಚು ಹಾಕಿಸಬೇಕೆಂದೂ ವಿನಯದಿಂದ ಕೋರುತ್ತೇನೆ.

ತಮ್ಮ ವಿಶ್ವಾಸಿ,
ಗೋಡೆ ನುಣುಪು ಮಾಡಿದ ಮಗ

ಮರೆತ ಮಾತು: ಮರುದಿನ ಬೆಳಿಗ್ಗೆ, ಅತ್ತೆಯ ಕಥೆ ಕೇಳಿದ ನಾವು ಮೂವರೂ ಡ್ರಿಲ್ ಹಿಡಿದು ಗೋಡೆಯೆದುರು ನಿಂತೆವು. ತಮ್ಮ ಪುಟ್ಟಿಯ ಶ್ರೇಷ್ಠತೆಯಿಂದಾಗಿ ತೂತು ಎಲ್ಲಿತ್ತೆಂಬುದು ನಮ್ಮಲ್ಲಿ ಯಾರಿಗೂ ತಿಳಿಯಲಿಲ್ಲ, ಹಾಸಿಗೆಯಲ್ಲಿರುವವರನ್ನು ಕೇಳಲು ಹೊಳೆಯಲೂ ಇಲ್ಲ. ನಾನು ಖಚಿತವಾಗಿ ಹೇಳಿದ ಜಾಗದಲ್ಲಿ ಕೊರೆದದ್ದು ಅತ್ತೆಯ ಬೀರುವಿಗೆ ತಗುಲಿತು, ಭಾವ ಹೇಳಿದ್ದು ಅವರ ಕನ್ನಡಿಗೆ. ಹೆಂಡತಿ ತೋರಿಸಿದ್ದು ನೇರ ಹೊಲಿಗೆ ಯಂತ್ರದ ಪಕ್ಕಕ್ಕೆ ಹೋಯಿತು. ಮೊದಲಿನ ಎರಡನ್ನು ಮುಚ್ಚಲೆಂದು ತಮ್ಮ ಡಬ್ಬಿ ತೆರೆದೆ. ಅಮ್ಮ ಕೈಚಾಚಿ ಅದನ್ನು ಇಸಿದುಕೊಂಡು, ಮುಚ್ಚಳ ಬಿಗಿದು, ತಲೆದಿಂಬಿನ ಕೆಳಗಿಟ್ಟುಕೊಂಡಳು. ತಮ್ಮ ಸರಕಿಗೆ ಇದಕ್ಕಿಂತ ಭದ್ರವಾದ ಜಾಗ ಬೇರಾವ ಮನೆಯಲ್ಲೂ ಸಿಕ್ಕಿರಲಾರದು.