ಕೈ ಎತ್ತಿದವರಿಗೆ ಚೆಂಡು

ಶನಿವಾರ ಬೆಳಿಗ್ಗೆ ಆರೂವರೆಗೆ ಮಲಾಡಿನ ಮೈದಾನದಲ್ಲಿ ಕೆಂಪು ಅಂಗಿಯ ಒಬ್ಬ ಮನುಷ್ಯ ಕೈ ಎತ್ತಿದ. ಆದದ್ದು ಇಷ್ಟೇ. ಮುಂದಿನ ಅನಾಹುತಕ್ಕೆಲ್ಲ ಆ ಒಂದು ಕೈಯೇ ಮೂಲ.

ಚೆಂಡು ಆಗ ಪ್ರಶಾಂತನ ಕಾಲಲ್ಲಿತ್ತು. ಪ್ರಶಾಂತನ ಅಂಗಿ ಹಳದಿ. ಬೆನ್ನ ಮೇಲೆ ‘ಹೊಟೇಲ್ ಸದಾನಂದ’ ಎಂದು ಅಚ್ಚಾಗಿತ್ತು. ಕೆಂಪು ಅಂಗಿಯವನು ಕಾಂದಿವಲಿಯ ಲೇತ್ ಕಾರ್ಖಾನೆಯ ತಂಡದವನು, ಅಂದರೆ ಎದುರಾಳಿ. ಇದು ಮೈದಾನದ ಅಂಚಿನಲ್ಲಿ ಕಾಗದ ತಿನ್ನುತ್ತಿದ್ದ ಆಡಿಗೂ ತಿಳಿಯುವಂತಿತ್ತು. ಆದರೂ ಪ್ರಶಾಂತ ಆ ಕೈ ಕಂಡದ್ದೇ ತಡ, ಚೆಂಡನ್ನು ಓಡಿಸಿಕೊಂಡು ಹೋಗಿ ಅವನ ಕಾಲಬುಡದಲ್ಲಿ ಮೆಲ್ಲಗೆ ಇಟ್ಟ. ಕೆಂಪು ಅಂಗಿಯವನು ಒಂದು ಕ್ಷಣ ಬೆಪ್ಪಾಗಿ ನಿಂತು, ಆಮೇಲೆ ಗೋಲು ಹೊಡೆದ.

“ಎಂಥ ಮಾರಾಯ ಇದು!” ಎಂದು ಕ್ಯಾಪ್ಟನ್ ದೂಜ ಕೂಗಿದ. ದೂಜ ಹೊಟೇಲಿನ ದೋಸೆ ಕಾವಲಿಯ ಯಜಮಾನ. ಅವನ ಕೂಗಿಗೆ ಅಡುಗೆಮನೆಯಲ್ಲಿ ಪಾತ್ರೆಗಳೂ ಹೆದರುತ್ತಿದ್ದವು.

“ನಂಗೇ ಗೊತ್ತಾಗ್ಲಿಲ್ಲ ದೂಜಣ್ಣ. ಕಾಲು ಹೋಯ್ತು,” ಎಂದ ಪ್ರಶಾಂತ.

ಆ ಕಾಲು ಇನ್ನೂ ಎರಡು ಸಲ ಹೋಯಿತು. ಪಂದ್ಯ ಮುಗಿದಾಗ ಸೊನ್ನೆಗೆ ನಾಲ್ಕು. ನಾಲ್ಕರಲ್ಲಿ ಮೂರು ಪ್ರಶಾಂತನೇ ಬಡಿಸಿದ್ದು.

ಇದು ಬರೀ ಆಟವಾಗಿದ್ದರೆ ನಗಾಡಿ ಬಿಡಬಹುದಿತ್ತು. ಆದರೆ ಇದರ ಹಿಂದೆ ಒಂದು ಕುರ್ಚಿ ಇತ್ತು. ಮಾಲಿಕ ಸದಾನಂದ ಶೆಟ್ಟರು ಭಾಂಡುಪಿನಲ್ಲಿ ಹೊಸ ಹೊಟೇಲು ತೆರೆಯುವವರಿದ್ದರು. ಅವರು ಅಲ್ಲಿಗೆ ಹೋದರೆ ಮಲಾಡಿನ ಗಲ್ಲಾದ ಕುರ್ಚಿ ಖಾಲಿ. ಇಡೀ ಹೊಟೇಲಿನಲ್ಲಿ ಕೆಲಸದವರು ಕೂರಬಹುದಾದ ಕುರ್ಚಿ ಅದೊಂದೇ. ಹತ್ತೊಂಬತ್ತು ವರ್ಷ ಟೇಬಲುಗಳ ನಡುವೆ ನಡೆದು ನಡೆದು ಪ್ರಶಾಂತನ ಕಾಲಿನ ನರಗಳು ಹಗ್ಗದ ಹಾಗೆ ಉಬ್ಬಿದ್ದವು. ಅವನ ಹೆಂಡತಿ ಸೇವಂತಿ ದಿನಾ ರಾತ್ರಿ ಎಣ್ಣೆ ಹಚ್ಚುತ್ತಾ, “ಒಮ್ಮೆ ಕೂತ್ಕೊಳ್ಳುವ ಕೆಲಸ ಸಿಕ್ಕಿದ್ರೆ ಸಾಕಿತ್ತು ದೇವ್ರೇ,” ಎನ್ನುತ್ತಿದ್ದಳು. ಶೆಟ್ಟರು ಕುರ್ಚಿಯ ಮಾತೆತ್ತಿದ ದಿನವೇ ಅವಳು ಹಳೆಯ ಸೀರೆ ಕತ್ತರಿಸಿ ಅದಕ್ಕೊಂದು ದಿಂಬನ್ನೂ ಹೊಲಿದಿದ್ದಳು. ಪ್ರಶಾಂತ ಅದನ್ನು ತಟ್ಟೆಗಳ ಕಪಾಟಿನ ಹಿಂದೆ ಅಡಗಿಸಿಟ್ಟಿದ್ದ.

ತೊಡಕೆಂದರೆ ಧನರಾಜ್. ಅವನಿಗೂ ಹತ್ತೊಂಬತ್ತೇ ವರ್ಷ. ಇಬ್ಬರೂ ಒಂದೇ ಬಸ್ಸಿನಲ್ಲಿ ಊರು ಬಿಟ್ಟವರು. ಧನರಾಜನ ಟೇಬಲಿನಲ್ಲಿ ಗಿರಾಕಿ ಎದ್ದು ನಿಂತು ಎರಡೂ ಕೈ ಬೀಸಿದರೂ ಅವನ ಕಣ್ಣು ಫ್ಯಾನಿನ ಮೇಲಿರುತ್ತಿತ್ತು. ಅವನ ಗಿರಾಕಿಗಳೂ ಕೊನೆಗೆ ಪ್ರಶಾಂತನನ್ನೇ ಕರೆಯುತ್ತಿದ್ದರು. ಆದರೂ ಹಿರಿತನ ಹಿರಿತನವೇ. ತೀರ್ಮಾನಿಸಲಾಗದೆ ಶೆಟ್ಟರು, “ವ್ಯಾಪಾರಿಗಳ ಸಂಘದ ಕಪ್ಪು ಯಾರ ಕಾಲಿನಿಂದ ಬರ್ತದೋ ಅವ ಕೂತ್ಕೊಳ್ಳಲಿ,” ಎಂದುಬಿಟ್ಟಿದ್ದರು. ಆರು ವರ್ಷದಿಂದ ಆ ಕಪ್ಪಿಗಾಗಿ ಅವರು ಗೋಡೆಯಲ್ಲಿ ಗಾಜಿನ ಗೂಡೊಂದನ್ನು ಕಟ್ಟಿಸಿಟ್ಟಿದ್ದರು. ಅದರಲ್ಲಿ ಸದ್ಯಕ್ಕೆ ಉಪ್ಪಿನಕಾಯಿಯ ಜಾಡಿಗಳಿದ್ದವು.

ದೇವರ ದಯೆ ದೊಡ್ಡದು. ಗುಂಪಿನ ಮೂರನೇ ತಂಡದ ಏಳು ಜನರಲ್ಲಿ ನಾಲ್ವರು ಯಾರದೋ ಮದುವೆಯ ದಿಬ್ಬಣದಲ್ಲಿ ಹೋಗಿದ್ದರಿಂದ ಅವರು ಮೈದಾನಕ್ಕೇ ಬರಲಿಲ್ಲ. ಸೋತ ಹಳದಿ ಅಂಗಿಗಳು ಆಡದೆಯೇ ಒಂದು ಪಂದ್ಯ ಗೆದ್ದು ಸೆಮಿಫೈನಲಿಗೆ ಏರಿದವು.

ಹೊಟೇಲಿನಲ್ಲಿ ಮಧ್ಯಾಹ್ನ ಇದೇ ಚರ್ಚೆ. ಮೂಲೆಯ ಟೇಬಲಿನ ಕೇಶವಮೂರ್ತಿಯವರ ಕಿವಿ ನೆಟ್ಟಗಾಯಿತು. ಮೈಸೂರಿನ ಕಡೆಯವರು, ವಿಮಾ ಕಚೇರಿಯಿಂದ ನಿವೃತ್ತರಾದವರು. ದಿನಾ ಒಂದು ಕಾಫಿಗೆ ಬಂದು ಮೂರು ಗಂಟೆ ಕೂರುತ್ತಿದ್ದರು. ‘ಯಾಕೆ’ ಎಂಬ ಪ್ರಶ್ನೆ ಬಾಯಿಗೆ ಬಂದರೆ ಉತ್ತರ ಸಿಗದೆ ಅವರಿಗೆ ಕಾಫಿ ಇಳಿಯುತ್ತಿರಲಿಲ್ಲ.

“ಅಲ್ಲಾ ಕಣಯ್ಯ ದೂಜ, ಮೂರು ಸಲಾನೂ ಅವ್ನೇ ಯಾಕಯ್ಯ ಕೊಟ್ಟ? ಚೆಂಡು ಕೊಡೋ ಮುಂಚೆ ಆ ಕಡೆಯೋನು ಏನ್ ಮಾಡ್ದ, ಜ್ಞಾಪಕ ಇದ್ಯಾ?”

“ಎಂಥ ಮಾಡುದು? ಕೈ ಎತ್ತಿದ. ಪಾಸ್ ಬೇಕಿದ್ರೆ ಎಲ್ರೂ ಎತ್ತುದೇ.”

ಕೇಶವಮೂರ್ತಿಯವರ ಕಣ್ಣು ಮಿಂಚಿತು. ಅವರು ತಮ್ಮ ಕೈಯನ್ನು ಒಂದಿಷ್ಟೇ ಎತ್ತಿದರು. ಮೂರು ತಟ್ಟೆ ಹಿಡಿದು ಆಚೆ ಹೋಗುತ್ತಿದ್ದ ಪ್ರಶಾಂತ ತಿರುಗಿ ಬಂದು, “ಹೇಳಿ ಸರ್,” ಎಂದ. ಏನೂ ಬೇಡವೆಂದು ಕಳಿಸಿದರು. ಕಂಬದ ಹಿಂದೆ ಅಡಗಿ ಎತ್ತಿದರು, ಬಂದ. ಪ್ರಶಾಂತ ಬೆನ್ನು ಹಾಕಿ ಮೇಜು ಒರೆಸುತ್ತಿದ್ದಾಗ ಎತ್ತಿದರು. ಗೋಡೆಯ ಕನ್ನಡಿಯಲ್ಲಿ ಕಂಡು ಬಂದ. ಹನ್ನೊಂದು ಸಲ ಪರೀಕ್ಷೆ ಮಾಡಿ, ಹನ್ನೆರಡನೆಯದಕ್ಕೆ ಪಾಪ ಅನ್ನಿಸಿ ಒಂದು ವಡೆ ತರಿಸಿಕೊಂಡರು.

“ಇದು ತಪ್ಪಲ್ಲ ಕಣ್ರಯ್ಯ, ಅಭ್ಯಾಸ,” ಎಂದು ತೀರ್ಪು ಕೊಟ್ಟರು. “ಕೈ ಕಂಡ್ರೆ ಇವ್ನ ಕಾಲು ಇವ್ನನ್ನ ಕೇಳೋದೇ ಇಲ್ಲ. ಸರಿ, ಇಬ್ರು ಒಟ್ಟಿಗೇ ಕೈ ಎತ್ತಿದ್ರೆ ಯಾರ ಹತ್ರ ಹೋಗ್ತೀಯಪ್ಪ?”

ಪ್ರಶಾಂತನಿಗೆ ಇದೊಂದು ಪ್ರಶ್ನೆಯೇ ಅನ್ನಿಸಲಿಲ್ಲ. “ಮೊದ್ಲು ಎತ್ತಿದವರ ಹತ್ರ. ಆಮೇಲೆ ಎರಡ್ನೆಯವರು. ಸಾಲು ತಪ್ಪಿಸ್ಲಿಕ್ಕುಂಟಾ ಸರ್?”

ದೂಜ ಕೈಯಲ್ಲಿದ್ದ ಸಟ್ಟುಗ ಕೆಳಗಿಟ್ಟ. ಕಾವಲಿಯಲ್ಲಿ ದೋಸೆ ಸೀಯುತ್ತಿತ್ತು. ಅವನಿಗೆ ಅದರ ಪರಿವೆಯೇ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಸೆಮಿಫೈನಲ್. ರೆಫರಿ ಸೀಟಿ ಊದುವ ಮೊದಲೇ ಹಳದಿ ಅಂಗಿಯವರೆಲ್ಲ ಪ್ರಶಾಂತನ ಮುಂದೆ ಒಬ್ಬರಾದ ಮೇಲೊಬ್ಬರು ಕೈ ಎತ್ತಿ ಹೆಸರು ಬರೆಸಿದಂತೆ ನಿಂತರು. ಎತ್ತದವನು ಧನರಾಜ್ ಒಬ್ಬನೇ. ಎದುರಾಳಿಗಳು ಇದೇನೋ ಪ್ರಾರ್ಥನೆಯೆಂದುಕೊಂಡು ತಲೆ ಬಾಗಿಸಿದರು. ಆಮೇಲೆ ಶುರುವಾಯಿತು ನೋಡಿ ಸರ್ವಿಸು! ಎಂಟು ಟೇಬಲಿನ ಆರ್ಡರನ್ನು ಚೀಟಿಯಿಲ್ಲದೆ ನೆನಪಿಟ್ಟವನಿಗೆ ಐದು ಜನರ ಸರದಿ ಯಾವ ಲೆಕ್ಕ? ಇಕ್ಕಟ್ಟಿನ ಕುರ್ಚಿಗಳ ನಡುವೆ ಬಿಸಿ ಸಾಂಬಾರು ದಾಟಿಸಿದ ಕಾಲು ಎದುರಾಳಿಗಳ ಕಾಲುಗಳ ನಡುವೆ ಚೆಂಡು ದಾಟಿಸಿತು. ಎದುರಾಳಿಗಳೂ ಕೈ ಎತ್ತಿದರು. ಆದರೆ ಅವರ ಸರದಿ ಬರುವಷ್ಟರಲ್ಲಿ ದೂಜ ಮೂರು ಗೋಲು ಹೊಡೆದಾಗಿತ್ತು.

“ಪ್ರಶಾಂತಾ, ಕುರ್ಚಿ ನಿನ್ನದೇ ಮಾರಾಯ!” ಎಂದು ದೂಜ ಅವನನ್ನು ಅಪ್ಪಿಕೊಂಡ. ಧನರಾಜ್ ಆಕಾಶ ನೋಡುತ್ತಿದ್ದ. ಅಲ್ಲಿ ಫ್ಯಾನು ಇರಲಿಲ್ಲ.

ಫೈನಲ್ ಮೂರೂವರೆಗೆ, ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಶುರುವಾಗುವ ಮೊದಲಿನ ಬಿಡುವಿನಲ್ಲಿ. ಎದುರಾಳಿ ಮತ್ತೆ ಅದೇ ಕಾಂದಿವಲಿಯವರು. ಈ ಸಲ ಸೇವಂತಿಯೂ ಬಂದಿದ್ದಳು. ಗಂಡನ ಕಾಯಿಲೆ ಏನೆಂದು ತಿಳಿದ ಮೇಲೆ ಅವಳಿಗೆ ಪ್ರೇಕ್ಷಕರ ಮೇಲೆಯೇ ಅನುಮಾನ. ಗೆರೆಯುದ್ದಕ್ಕೂ ಓಡಾಡುತ್ತಾ, ಯಾರದೇ ಕೈ ಸೊಂಟದಿಂದ ಮೇಲೆ ಹೋದರೂ, “ಹಾಥ್ ನೀಚೇ! ಕೈ ಕೆಳಗೆ!” ಎಂದು ಗದರುತ್ತಿದ್ದಳು. ವಡಾಪಾವಿನವನು ಗಿರಾಕಿಗಳನ್ನು ಬರೀ ಬಾಯಲ್ಲಿ ಕರೆಯಬೇಕಾಯಿತು. ಕೇಶವಮೂರ್ತಿಯವರು ತಮ್ಮ ಉತ್ಸಾಹದ ಮೇಲೆ ತಮಗೇ ನಂಬಿಕೆಯಿಲ್ಲದೆ ಎರಡೂ ಕೈಗಳ ಮೇಲೆ ಕೂತರು.

“ಯಾಕಮ್ಮ ಇಷ್ಟೊಂದು ಕಟ್ಟುನಿಟ್ಟು?”

“ಸುಮ್ನೆ ಕೂತ್ಕೊಳ್ಳಿ ಸರ್. ಇವ್ರು ಒಂದು ಸಲ ಆ ಕುರ್ಚಿಯಲ್ಲಿ ಕೂರುದು ನೋಡ್ಬೇಕು ನಂಗೆ. ಅಷ್ಟೇ.”

ಕಾಂದಿವಲಿಯವರು ಬುದ್ಧಿವಂತರು. ಅವರೂ ಸೀಟಿಗೆ ಮೊದಲೇ ಕೈ ಎತ್ತಲು ಕಲಿತಿದ್ದರು. ಹೀಗಾಗಿ ಮೊದಲರ್ಧದಲ್ಲಿ ಪ್ರಶಾಂತ ಎರಡೂ ಕಡೆಗೆ ನ್ಯಾಯವಾಗಿ ಬಡಿಸಿದ. ಗೋಲು ಒಂದಕ್ಕೆ ಒಂದಾಯಿತು. ದ್ವಿತೀಯಾರ್ಧದಲ್ಲಿ ಬಿಸಿಲಿನ ಕಾವಿಗೆ ಎಲ್ಲರ ಕೈಗಳೂ ಸೋತು ಒಂದೊಂದಾಗಿ ಇಳಿದವು. ಕೊನೆಯ ನಿಮಿಷದಲ್ಲಿ ಚೆಂಡು ಪ್ರಶಾಂತನ ಕಾಲಿಗೆ ಬಂತು. ಎದುರಾಳಿಯ ಗೋಲ್‌ಕೀಪರ್ ಕಾಲು ಜಾರಿ ಬಿದ್ದಿದ್ದ. ಮುಂದೆ ಹತ್ತು ಹೆಜ್ಜೆಯಲ್ಲಿ ಗೋಲು ಬಾಗಿಲು ತೆರೆದಿಟ್ಟ ಮನೆಯಂತೆ ಖಾಲಿ ನಿಂತಿತ್ತು.

ಪ್ರಶಾಂತ ಸುತ್ತ ನೋಡಿದ. ಒಂದೂ ಕೈ ಇಲ್ಲ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಯಾರೂ ಅವನನ್ನು ಕರೆಯುತ್ತಿರಲಿಲ್ಲ. ಅವನಿಗೆ ಎಂದೂ ಆಗದಷ್ಟು ಖುಷಿಯಾಯಿತು. ಇದು ತನ್ನದು, ತಾನೇ ಹೊಡೆಯಬಹುದು ಎಂದುಕೊಂಡು ಕಾಲನ್ನು ಹಿಂದಕ್ಕೆಳೆದ.

ಅದೇ ಗಳಿಗೆಯಲ್ಲಿ ಸದಾನಂದ ಶೆಟ್ಟರ ಕಾರು ಬಂದು ನಿಂತಿತು. ಭಾಂಡುಪಿನ ಕೆಲಸ ಮುಗಿಸಿ, ಟ್ರಾಫಿಕ್ಕಿನಲ್ಲಿ ಸಿಕ್ಕಿ, ಕೊನೆಗೂ ಬಂದ ಅವರು ಗೋಲಿನ ಚಿತ್ರ ಹಿಡಿಯಲೆಂದು ಮೊಬೈಲನ್ನು ತಲೆಯ ಮೇಲಕ್ಕೆ ಎತ್ತಿದರು. ಸೇವಂತಿ “ಕೈ...” ಎಂದಳು. ಮಾಲಿಕರ ಮುಖ ಕಂಡು ‘ಕೆಳಗೆ’ ಎನ್ನುವ ಬದಲು ಸೆರಗು ಸರಿಮಾಡಿಕೊಂಡಳು.

ಪ್ರಶಾಂತನ ಕಾಲು ತಿರುಗಿತು. ಖಾಲಿ ಗೋಲನ್ನು ಬಲಗಡೆ ಬಿಟ್ಟು, ಗೆರೆ ದಾಟಿ, ಜನರನ್ನು ಬಳಸಿಕೊಂಡು, ಚೆಂಡನ್ನು ತಂದು ಶೆಟ್ಟರ ಬಿಳಿ ಚಪ್ಪಲಿಯ ಮುಂದೆ ಅಲುಗದಂತೆ ನಿಲ್ಲಿಸಿ, ಸ್ವಲ್ಪ ಬಾಗಿ ಕೇಳಿದ.

“ಹೇಳಿ ಸರ್, ಏನ್ ಕೊಡ್ಲಿ?”

ರೆಫರಿ “ಅರೇ ದೇವಾ!” ಎಂದು ಚೆಂಡನ್ನು ಕಾಂದಿವಲಿಯವರಿಗೆ ಕೊಟ್ಟ. ಹಳದಿ ಅಂಗಿಯವರು ತಲೆಯ ಮೇಲೆ ಕೈ ಹೊತ್ತು ನಿಂತಿದ್ದಾಗಲೇ ಎದುರಾಳಿಗಳು ಆ ತುದಿಗೆ ಹೋಗಿ ಗೋಲು ಹೊಡೆದರು. ಕೊನೆಯ ಸೀಟಿ ಮೊಳಗಿತು. ಶೆಟ್ಟರು ಕಾರು ಹತ್ತಿದರು.

ಸೇವಂತಿ ಗಂಡನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ರಾತ್ರಿ ಕಾಲಿಗೆ ಎಣ್ಣೆ ಹಚ್ಚುವಾಗ ಮಾತ್ರ, “ಅವ್ರು ಸಿಗ್ನಲಲ್ಲಿ ಇನ್ನೊಂದು ನಿಮಿಷ ನಿಂತಿದ್ರೆ ಏನಾಗ್ತಿತ್ತು,” ಎಂದಳು. ಕೆಲಸ ಉಳಿದರೆ ಸಾಕು ಎಂದು ಇಬ್ಬರೂ ಊರಿನ ದೈವಕ್ಕೆ ಹರಕೆ ಹೇಳಿಕೊಂಡರು.

ಸೋಮವಾರ ಬೆಳಿಗ್ಗೆ ಆರಕ್ಕೆ ಶೆಟ್ಟರು ಎಲ್ಲರನ್ನೂ ಗಲ್ಲಾದ ಮುಂದೆ ಕರೆದರು. ಮೊದಲ ಕಾಫಿಗೆ ಬಂದಿದ್ದ ಕೇಶವಮೂರ್ತಿಯವರೂ ಯಾರೂ ಕರೆಯದಿದ್ದರೂ ಬಂದು ನಿಂತರು.

“ಪ್ರಶಾಂತ, ನಿನ್ನೆ ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ,” ಎಂದರು ಶೆಟ್ಟರು. “ಎದುರಿಗೆ ಗೋಲು ಖಾಲಿ ಉಂಟು. ಕಪ್ಪು ಅಲ್ಲೇ ಉಂಟು, ಕುರ್ಚಿ ಅಲ್ಲೇ ಉಂಟು. ಅಷ್ಟನ್ನೂ ಬಿಟ್ಟು, ನಾನು ಕೈ ಎತ್ತಿದೆ ಅಂತ ನನ್ನ ಹತ್ರ ಬಂದೆಯಲ್ಲ ಮಾರಾಯ! ನಲ್ವತ್ತು ವರ್ಷದಲ್ಲಿ ಇಂಥ ಸರ್ವಿಸ್ ನಾನು ನೋಡ್ಲಿಲ್ಲ.” ಅವರ ಕಣ್ಣಲ್ಲಿ ನೀರಿತ್ತು.

ಪ್ರಶಾಂತನ ಎದೆ ಹಿಗ್ಗಿತು. ಅವನ ಕಣ್ಣು ತಾನಾಗಿಯೇ ತಟ್ಟೆಗಳ ಕಪಾಟಿನ ಕಡೆ ಹೋಯಿತು. ದಿಂಬಿನ ಅಂಚು ಸ್ವಲ್ಪ ಕಾಣುತ್ತಿತ್ತು.

“ಇಂಥವನನ್ನು ಕುರ್ಚಿಯಲ್ಲಿ ಕೂರಿಸಿ ಹಾಳು ಮಾಡ್ಲಿಕ್ಕೆ ಆಗ್ತದಾ? ನೀನಿರುವ ತನಕ ಟೇಬಲ್ ಬಿಡ್ಬೇಡ. ನಿನ್ನಿಂದಲೇ ಈ ಹೋಟ್ಲು.” ಶೆಟ್ಟರು ಕಣ್ಣೊರೆಸಿಕೊಂಡು ಆ ಕಡೆ ತಿರುಗಿದರು. “ಧನರಾಜ, ನೀನು ಬಾ, ಕೂತ್ಕೋ.”

“ಅಲ್ಲಾ ಶೆಟ್ರೇ, ಅವ್ನನ್ನ ಯಾಕೆ?” ಎಂದು ಕೇಶವಮೂರ್ತಿಯವರು ತಡೆಯಲಾರದೆ ಕೇಳಿದರು.

“ನೋಡಿ ಸರ್, ಗಲ್ಲಾದಲ್ಲಿ ಕೂರುವವನ ಹತ್ರ ದಿನಾ ಜನ ಬರ್ತಾರೆ. ರಜೆ ಕೇಳುವವ್ರು, ಗಣಪತಿಗೆ ಚಂದಾ ಕೇಳುವವ್ರು, ಫ್ಯಾನ್ ಹಾಕಿ ಅನ್ನುವವ್ರು. ಯಾರು ಎಷ್ಟು ಕೈ ಬೀಸಿದ್ರೂ ತಲೆ ಎತ್ತದವ ಬೇಕು ಅಲ್ಲಿಗೆ. ಆ ಗುಣ ಇರುದು ನಮ್ಮಲ್ಲಿ ಇವ ಒಬ್ಬನಿಗೇ.”

ಕೇಶವಮೂರ್ತಿಯವರು ಯೋಚಿಸಿ, ಉತ್ತರ ಸರಿಯಾಗಿದೆಯೆಂದು ಕಂಡು, ಕಾಫಿ ಕುಡಿದರು. ಧನರಾಜ್ ಕುರ್ಚಿಯಲ್ಲಿ ಕೂತ. ಯಾರನ್ನೂ ನೋಡಲಿಲ್ಲ.

ಪ್ರಶಾಂತನಿಗೆ ಹತ್ತೊಂಬತ್ತು ವರ್ಷದ ಸಿಟ್ಟು ಒಟ್ಟಿಗೇ ಬಂತು. ಇವತ್ತಿನಿಂದ ಯಾರು ಕೈ ಎತ್ತಿದರೂ ಸರಿ, ಇಂದ್ರನೇ ಎತ್ತಿದರೂ ಸರಿ, ತಾನು ತಿರುಗಿ ನೋಡುವುದಿಲ್ಲ ಎಂದು ಆಣೆ ಹಾಕಿಕೊಂಡು, ಗೋಡೆಗೆ ಮುಖ ಮಾಡಿ ಮೇಜು ಒರೆಸತೊಡಗಿದ. ಕನ್ನಡಿಯಲ್ಲಿ ಒಂದು ಕೈ ಮೇಲೆದ್ದಿತು. ಅವನ ಕಾಲುಗಳು ಆಗಲೇ ಹೊರಟಿದ್ದವು.

“ಹೇಳಿ ಸರ್,” ಎಂದ ಮೇಲೆಯೇ ಎದುರಿಗಿರುವವನು ಧನರಾಜ್ ಎಂದು ಗೊತ್ತಾಯಿತು.

“ಆ ಕಪಾಟಿನ ಹಿಂದೆ ಒಂದು ದಿಂಬು ಉಂಟಲ್ಲ,” ಎಂದ ಧನರಾಜ್, ಫ್ಯಾನು ನೋಡುತ್ತಾ. “ಅದನ್ನು ಸ್ವಲ್ಪ ತಾ ಮಾರಾಯ. ಕುರ್ಚಿ ಭಾರೀ ಗಟ್ಟಿ.”