ಮಡಿ ಇಂಗ್ಲಿಷಿನ ದೊಡ್ಡಪ್ಪ

ಇಂಗ್ಲಿಷ್ ಮಾತಾಡುವವರು ಜಗತ್ತಿನಲ್ಲಿ ಕೋಟ್ಯಂತರ ಜನ ಇರಬಹುದು. ಇಂಗ್ಲಿಷಿಗೂ ಮಡಿ, ಮೈಲಿಗೆ ಹಚ್ಚಿದವರು ಮಾತ್ರ ಅರಸೀಕೆರೆಯ ನಮ್ಮ ದೊಡ್ಡಪ್ಪ ಒಬ್ಬರೇ! ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟರಾಗಿ ನಿವೃತ್ತರಾದ ಅವರ ಪ್ರಕಾರ, ದಪ್ಪ ಪುಸ್ತಕಗಳಲ್ಲಿ ಮಾತ್ರ ಸಿಗುವ 'ಕಮೆನ್ಸ್' ಮಡಿಯ ಪದ. ದೇವರ ಕೋಣೆಗೂ ಬರಬಹುದು. 'ಬಿಗಿನ್'ಗೆ ನಡುಮನೆಯವರೆಗೆ ಪ್ರವೇಶ. 'ಸ್ಟಾರ್ಟ್' ಬಸ್‌ಸ್ಟ್ಯಾಂಡಿನದು, ಜಗಲಿಯಲ್ಲೇ ಕೂರಬೇಕು. ಇನ್ನು 'ಗೈಸ್', 'ಕಿಡ್ಸ್' ಅಂದವರಿಗೆ ಆ ಮನೆಯಲ್ಲಿ ನೀರೂ ಹುಟ್ಟದು. ಸ್ವತಃ ದೊಡ್ಡಪ್ಪ ಸೊಪ್ಪಿನವಳ ಹತ್ತಿರವೂ ಮಡಿ ಇಂಗ್ಲಿಷಿನಲ್ಲೇ ಚೌಕಾಸಿ ಮಾಡುತ್ತಿದ್ದರು. ಅವಳು ಒಂದು ಕಟ್ಟು ಹೆಚ್ಚಿಗೆ ಹಾಕಿ ಸಾಗಹಾಕುತ್ತಿದ್ದಳು.

ಒಮ್ಮೆ ಹಳೇಬೀಡಿನ ದೇವಸ್ಥಾನದ ಮುಂದೆ ಬಿಳಿಯ ಪ್ರವಾಸಿಯೊಬ್ಬನನ್ನು ತಡೆದು, "ಪ್ರೇ ಸರ್, ಫ್ರಮ್ ವಾಟ್ ಡಿಸ್ಟೆಂಟ್ ಶೋರ್ ಡು ಯು ಹೇಲ್?" ಅಂದರು. ಅವನು ಕಣ್ಣುಕಣ್ಣು ಬಿಟ್ಟ. ನಾನು ಮೆಲ್ಲಗೆ, "ವಿಚ್ ಕಂಟ್ರಿ?" ಅಂದೆ. "ಇಂಗ್ಲೆಂಡ್," ಅಂತ ನಕ್ಕು ಮುಂದೆ ನಡೆದ. ದೊಡ್ಡಪ್ಪನ ಮುಖದಲ್ಲಿ ಕನಿಕರವೇ ಕನಿಕರ.

"ಪಾಪ, ಅಲ್ಲೀಗ ಇಂಗ್ಲಿಷ್ ಸರಿಯಾಗಿ ಕಲಿಸ್ತಿಲ್ಲ ಕಣೋ."

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಮಗಳ ಮದುವೆಯನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕೇ? ಒಬ್ಬಳೇ ಮಗಳು ತಾನು ಮೆಚ್ಚಿದ ಹುಡುಗನನ್ನು ಮನೆಗೆ ಕರೆತಂದಳು. ಬಿಕ್ಕೋಡಿನ ಕಡೆಯವನು, ಕಾಫಿ ಎಸ್ಟೇಟಿನಲ್ಲಿ ಆಳುಗಳ ಕೆಲಸ ನೋಡಿಕೊಳ್ಳುವ ರೈಟರು. ಉಪ್ಪಿಟ್ಟಿನ ತಟ್ಟೆ ಹಿಡಿದು, "ಹಾಯ್ ಅಂಕಲ್, ನಿಮ್ ಮಗಳು ಸೂಪರ್," ಅಂದುಬಿಟ್ಟ.

ದೊಡ್ಡಪ್ಪ ತಮ್ಮ ತಟ್ಟೆ ಕೆಳಗಿಟ್ಟರು. "ಜಗಲಿ ಭಾಷೆಯೋನಿಗೆ ನನ್ ಮಗಳನ್ನ ಕೊಡಲ್ಲ."

"ಸಂಸಾರ ಮಾಡೋಳು ನಾನಪ್ಪ, ಡಿಕ್ಷನರಿಯಲ್ಲ," ಅಂದಳು ಮಗಳು.

ಬೇಲೂರಿನಲ್ಲಿ ರಿಜಿಸ್ಟರ್ ಮದುವೆಯಾಯಿತು. ದೊಡ್ಡಪ್ಪ ಹೋಗಲಿಲ್ಲ, ಆಮೇಲೆ ಮಗಳ ಫೋನನ್ನೂ ಎತ್ತಲಿಲ್ಲ. "ಒಂದ್ಸಲ ನೋಡ್ಕೊಂಡು ಬರೋಣ ಕಣ್ರೀ," ಅಂತ ದೊಡ್ಡಮ್ಮ ಗೋಗರೆದರೆ, "ಮೊದ್ಲು ಅವನು ಇಂಗ್ಲಿಷ್ ತಿದ್ಕೊಳ್ಳಲಿ," ಅನ್ನುವರು. ಮನುಷ್ಯನಿಗೆ ಒಂದು ಹುಚ್ಚು ಇರಲಿ, ಬೇಡವೆನ್ನುವುದಿಲ್ಲ. ಅದು ಹೆತ್ತ ಕರುಳಿಗಿಂತ ದೊಡ್ಡದಾದರೆ ಹೇಗೆ ಸ್ವಾಮಿ?

ಕಳೆದ ಶ್ರಾವಣದಲ್ಲಿ ಮಗಳಿಗೆ ಹೆರಿಗೆ ಕಷ್ಟವಾಗಿ ಬೇಲೂರಿನ ಆಸ್ಪತ್ರೆಗೆ ಸೇರಿಸಿದರು. ಬಾಣಂತನಕ್ಕೆಂದು ಮೊದಲೇ ಹೋಗಿದ್ದ ದೊಡ್ಡಮ್ಮ ಅಳುತ್ತ ಫೋನ್ ಮಾಡಿದರು. ದೊಡ್ಡಪ್ಪ ಅಂಗಿಯ ಗುಂಡಿಯನ್ನೂ ನೆಟ್ಟಗೆ ಹಾಕದೆ ನನ್ನ ಕಾರು ಹತ್ತಿದರು. ದಾರಿಯುದ್ದಕ್ಕೂ ಯಾವ ಭಾಷೆಯಲ್ಲೂ ಬಾಯಿ ಬಿಡಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲೇ ಅಳಿಯ ಕಾಯುತ್ತಿದ್ದ. ಮಾವ ಬರುತ್ತಾರೆಂದು ಯಾರನ್ನೋ ಕೇಳಿ ಕಂಠಪಾಠ ಮಾಡಿಟ್ಟುಕೊಂಡಿದ್ದನೆಂದು ಕಾಣುತ್ತದೆ. ಸೆಟೆದು ನಿಂತು ಒಪ್ಪಿಸತೊಡಗಿದ: "ರೆಸ್ಪೆಕ್ಟೆಡ್ ಸರ್, ಐ ಹ್ಯಾವ್ ದಿ ಆನರ್ ಟು ಇನ್ಫಾರ್ಮ್ ಯು, ಬೋತ್ ದಿ ಮದರ್ ಅಂಡ್ ದಿ ಇನ್ಫಂಟ್ ಆರ್..."

ಮುಂದಿನ ಪದ ಮರೆತುಹೋಯಿತು! ಅವನು ತಡಕಾಡಿದಷ್ಟೂ ದೊಡ್ಡಪ್ಪನ ಮುಖ ಬಿಳಿಚಿಕೊಂಡಿತು. ಅವನ ಎರಡೂ ಕೈ ಹಿಡಿದುಕೊಂಡರು.

"ನೆಟ್ಟಗೆ ಹೇಳಪ್ಪ. ನನ್ ಮಗಳು ಹೆಂಗವ್ಳೆ?"

"ಚೆನ್ನಾಗವ್ಳೆ ಸಾರ್. ಮಗೂನೂ ಚೆನ್ನಾಗೈತೆ."

ದೊಡ್ಡಪ್ಪ ಅಲ್ಲೇ ಬೆಂಚಿನ ಮೇಲೆ ಕುಸಿದು ಅಳತೊಡಗಿದರು. ಇಷ್ಟು ದಿನ ಅವರನ್ನು ಆಡಿಕೊಂಡು ನಗುತ್ತಿದ್ದ ನನ್ನ ಕಣ್ಣೂ ತುಂಬಿ ಬಂತು. ಅಳಿಯ ಗಾಬರಿಯಿಂದ ಪಕ್ಕದಲ್ಲಿ ಕೂತು, "ಯಾಕ್ ಸಾರ್, ನೀರ್ ತರ್ಲಾ?" ಅಂದ.

ದೊಡ್ಡಪ್ಪ ಅವನ ಕೈ ಬಿಡಲಿಲ್ಲ.

"ಸಾರ್ ಅನ್ಬೇಡ ಕಣಪ್ಪ," ಅಂದರು. "ಮಾವ ಅನ್ನು."