ಮಾವನ ಲೈಸೆನ್ಸಿಗೆ ಇನ್ನೆಷ್ಟು ಆಯಸ್ಸು

ಹಲ್ಲುಜ್ಜುತ್ತಿದ್ದ ಅಳಿಯನಿಗೆ ಹೊರಗೆ ಧಡಾರೆಂದು ಸದ್ದು ಕೇಳಿಸಿತು. ಬಾಯಲ್ಲಿ ನೊರೆ ಇಟ್ಟುಕೊಂಡೇ ಓಡಿದ. ಮಾವ ಕಾರನ್ನು ರಿವರ್ಸ್ ತೆಗೆಯಲು ಹೋಗಿ ಪಕ್ಕದ ಮನೆಯ ದರ್ಜಿಯ ಗೇಟನ್ನು ನೆಲಕ್ಕೆ ಮಲಗಿಸಿದ್ದರು. ಗೇಟಿಗೂ ಅದು ಅಭ್ಯಾಸವಾಗಿತ್ತು.

"ಹಿಂದೆ ನೋಡ್ಬಾರ್ದಾ ಮಾವ?"

"ಕತ್ತು ತಿರುಗಲ್ಲ ಅಳಿಯಂದ್ರೇ. ಗೇಟ್ ಇದೆ ಅಂತ ಅವರೇ ಒಂದು ಮಾತು ಕೂಗಿದ್ರೆ ಗಂಟು ಹೋಗ್ತಿತ್ತಾ?"

ಅಳಿಯನ ಪಿತ್ತ ನೆತ್ತಿಗೇರಿತು. ಆದರೆ ಏರಿದ್ದನ್ನು ಹಾಗೇ ನುಂಗಬೇಕಾಯಿತು. ಬೇಕರಿಯ ವ್ಯಾನು ಓಡಿಸಿ ಹೊಟ್ಟೆ ಹೊರೆಯುವ ಆಸಾಮಿ, ಅದರ ಮೇಲೆ ಮನೆಯಳಿಯ. ಬಡವನ ಕೋಪ ದವಡೆಗೆ ಮೂಲವಾದರೆ ಮನೆಯಳಿಯನ ಕೋಪ ನೇರವಾಗಿ ಅನ್ನಕ್ಕೇ ಕುತ್ತು. ದಿನವೂ ವ್ಯಾನಿನಲ್ಲಿ ಮಗಳನ್ನು ಶಾಲೆಗೆ ಬಿಡುತ್ತಿದ್ದವನು ಅವನೇ. ನಾಳೆಯಿಂದ ಮೊಮ್ಮಗಳನ್ನು ತಾನೇ ಕಾರಿನಲ್ಲಿ ಬಿಡುತ್ತೇನೆಂದು ಮಾವ ಹಟ ಹಿಡಿದಿದ್ದರು. ಆ ಕಾರಿನಲ್ಲಿ ಮಗಳನ್ನು ನೆನೆಸಿಕೊಂಡರೆ ಅವನ ಎದೆ ಝಲ್ಲೆನ್ನುತ್ತಿತ್ತು.

"ಇವತ್ತು ಅಪ್ಪನ ಲೈಸೆನ್ಸ್ ನವೀಕರಣ" ಎಂದು ಹೆಂಡತಿ ಅಡುಗೆಮನೆಯಲ್ಲಿ ಪಿಸುಗುಟ್ಟಿದಳು. "ನನ್ನ ಬಾಯಿಂದ ಬೇಡ ಅನ್ನೋಕಾಗಲ್ಲ. ಅಲ್ಲೇ ಏನಾದ್ರೂ ಮಾಡಿ ತಪ್ಪಿಸ್ರೀ."

ಅಳಿಯ ರಜೆ ಹಾಕಿ ಹೊರಟ. ಸಾಕ್ಷಿ ಹೇಳುತ್ತೇನೆಂದು ದರ್ಜಿಯೂ ಕಾರಿನ ಹಿಂದಿನ ಸೀಟಿಗೆ ಹತ್ತಿ ಕುಳಿತ. ಗೇಟು ಮುರಿದವನ ಕಾರಿನಲ್ಲೇ ಬಿಟ್ಟಿ ಸವಾರಿ!

ಆರ್‌ಟಿಒ ಕಚೇರಿಯಲ್ಲಿ ಸಾಲು ಹೊರಗಿನ ಮೆಟ್ಟಿಲವರೆಗೂ ಇತ್ತು. ಲೈಸೆನ್ಸು ಕೊಡುವಾಗ ಹತ್ತು ಸುತ್ತು ಸುತ್ತಿಸುವ ಕಚೇರಿ, ಕೊಟ್ಟ ಮೇಲೆ ಬದುಕಿದ್ದೀಯಾ ಸತ್ತಿದ್ದೀಯಾ ಎಂದೂ ಕೇಳುವುದಿಲ್ಲ. ಮಾವನಿಗೆ ಮತ್ತೆ ಐದು ವರ್ಷ ಸಿಗುತ್ತದೆಂದು ಗುಮಾಸ್ತ ಹೇಳಿದ್ದೇ ತಡ, ಅಳಿಯ ಸಿಡಿದ.

"ಐದು ವರ್ಷಾನಾ? ಹಾಲು ಒಂದೇ ದಿನಕ್ಕೆ ಕೆಡುತ್ತೆ, ಬ್ರೆಡ್ಡು ಮೂರು ದಿನಕ್ಕೆ ಬೂಷ್ಟು ಹಿಡಿಯುತ್ತೆ. ವಯಸ್ಸಾದೋರ ಲೈಸೆನ್ಸ್ ಮಾತ್ರ ಐದು ವರ್ಷ ಕೆಡಲ್ವಾ? ವರ್ಷಾವರ್ಷ ಪರೀಕ್ಷೆ ಮಾಡ್ರೀ!"

"ಗಂಡಂದ್ರಿಗೂ ವರ್ಷಕ್ಕೊಂದ್ಸಲ ನವೀಕರಣ ಇಟ್ಟಿದ್ರೆ ಚೆನ್ನಾಗಿತ್ತು" ಎಂದಳು ಮುಂದೆ ನಿಂತಿದ್ದ ಹೆಂಗಸು. ಸಾಲು ಗೊಳ್ಳೆಂದಿತು.

"ಈಜು ಕಲಿತೋನು ಮರೀತಾನಾ?" ಎಂದರು ಮಾವ, ಜಂಬದಿಂದ. "ಜೀವಮಾನವೆಲ್ಲಾ ಗಡಿಯಾರ ರಿಪೇರಿ ಮಾಡಿದೋನು ನಾನು. ಸಾಸಿವೆಯಷ್ಟು ತಿರುಪು ಈಗ್ಲೂ ಕಾಣುತ್ತೆ."

ಒಳಗೆ ಕಣ್ಣಿನ ಡಾಕ್ಟರಮ್ಮ ಕುಳಿತಿದ್ದರು. ಎದುರಿನ ಗೋಡೆಯ ಹಾಳೆಯ ಮೇಲೆ ಬಾಚಣಿಗೆಯಂಥ ಗುರುತುಗಳಿದ್ದವು. ಸಾಲು ಕೆಳಗಿಳಿದಂತೆ ಸಣ್ಣದಾಗುತ್ತಿದ್ದವು. ಹಲ್ಲು ಯಾವ ಕಡೆಗಿದೆಯೆಂದು ಹೇಳಬೇಕು, ಅಷ್ಟೇ ಪರೀಕ್ಷೆ.

"ಇವರಿಗೆ ಕತ್ತು ತಿರುಗಲ್ಲ ಡಾಕ್ಟ್ರೇ!" ಅಳಿಯ ಒಳಗೆ ಬಂದವನೇ ದೂರಿದ. "ಇವತ್ತು ಬೆಳಗ್ಗೆ ಗೇಟು ಕೆಡವಿದ್ದಾರೆ!"

"ನಂದೇ ಗೇಟು" ಎಂದ ದರ್ಜಿ.

"ನಾನು ನೋಡೋದು ಕಣ್ಣು ಮಾತ್ರ. ಕತ್ತು, ಗೇಟು ಯಾವುದಕ್ಕೂ ಇಲ್ಲಿ ಜಾಗ ಇಲ್ಲ. ಯಜಮಾನ್ರೇ, ಕೊನೇ ಸಾಲು ಓದಿ."

ಮಾವ ಕನ್ನಡಕವಿಲ್ಲದೆ ಗಿಣಿಪಾಠದಂತೆ ಒಪ್ಪಿಸಿದರು. "ಮೇಲೆ, ಎಡ, ಕೆಳಗೆ, ಬಲ, ಬಲ."

ಅಳಿಯನಿಗೆ ಮೈಯೆಲ್ಲ ಉರಿದುಹೋಯಿತು. "ಸುಳ್ಳು! ಕೊನೇದು ಎಡ! ಬಾಯಿಗೆ ಬಂದಿದ್ದು ಹೇಳ್ತಿದ್ದಾರೆ!"

"ಬಲಾನೇ" ಎಂದರು ಡಾಕ್ಟರಮ್ಮ.

"ನನಗೂ ಬಲ ಅಂತಾನೇ ಕಾಣುತ್ತಪ್ಪಾ" ಎಂದ ದರ್ಜಿ, ಸಾಕ್ಷಿ ಹೇಳಲೆಂದೇ ಬಂದಿದ್ದವನು.

"ನೀವೆಲ್ಲ ಸೇರಿ ನಾಟಕ ಆಡ್ತಿದ್ದೀರಾ? ಎಡ ಅಂದ್ರೆ ಎಡ!"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಇಲ್ಲಿ ನಿಂತ್ಕೊಳ್ಳಿ. ಅದಕ್ಕಿಂತ ಒಂದು ಮೇಲಿನ ಸಾಲು ಓದಿ." ಅಳಿಯ ಗುಡುಗುತ್ತಲೇ ಓದಿದ. ತಪ್ಪು. ಅದರ ಮೇಲಿನದನ್ನು ಇನ್ನೂ ಜೋರಾಗಿ ಓದಿದ. ಅದೂ ತಪ್ಪು. "ಹೋಗಲಿ, ಎಲ್ಲಕ್ಕಿಂತ ದಪ್ಪಗಿರೋದು ಯಾವ ಕಡೆ ಇದೆ?"

ಅಳಿಯ ಕಣ್ಣು ಕಿರಿದು ಮಾಡಿದ. "ಅದು ಗೋಡೆಯ ಕಲೆ ಅಲ್ವಾ?"

"ನೀವೇನಾದ್ರೂ ಗಾಡಿ ಓಡಿಸ್ತೀರಾ?" ಎಂದು ಡಾಕ್ಟರಮ್ಮ ಮೆಲ್ಲಗೆ ಕೇಳಿದರು. ಅಳಿಯ ಬಾಯಿ ತೆರೆಯುವ ಮೊದಲೇ ದರ್ಜಿ ಮುಂದೆ ಬಂದ. "ಬೇಕರಿ ವ್ಯಾನು ಡಾಕ್ಟ್ರೇ. ದಿನಾ!"

"ನನ್ನ ಲೈಸೆನ್ಸಿಗೆ ಇನ್ನೂ ಹತ್ತು ವರ್ಷ ಇದೆ!" ಅಳಿಯ ಕಿರುಚಿದ.

"ಲೈಸೆನ್ಸಿಗಿದೆ, ಕಣ್ಣಿಗಿಲ್ಲ. ಕನ್ನಡಕ ಮಾಡಿಸ್ಕೊಂಡು ಹೊಸದಾಗಿ ಪರೀಕ್ಷೆಗೆ ಬನ್ನಿ. ಅಲ್ಲೀವರೆಗೆ ನಿಮ್ಮ ಲೈಸೆನ್ಸ್ ಇಲ್ಲೇ ಇರಲಿ."

ಮಾವನಿಗೆ ಐದು ವರ್ಷ ಸಿಕ್ಕಿತು. ದಾರಿಯುದ್ದಕ್ಕೂ ಅಳಿಯ ಕಚೇರಿಯನ್ನು, ಡಾಕ್ಟರಮ್ಮನನ್ನು, ಬಾಚಣಿಗೆಗಳನ್ನು ಬೈದ. ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ಕಾದಿದ್ದಳು.

"ಅಪ್ಪನ ಲೈಸೆನ್ಸ್ ಹೋಯ್ತಾ?"

"ಇಲ್ಲ ಕಣೇ. ನಂದು ಹೋಯ್ತು. ಕಣ್ಣು ಕಾಣಲ್ಲವಂತೆ! ಆ ಡಾಕ್ಟರಿಗೆ ತಲೆ ನೆಟ್ಟಗಿಲ್ಲ..."

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟಳು. ಮುಖ ಕೆಂಪಾಯಿತು.

"ಅಂದ್ರೆ ಇಷ್ಟು ದಿನ ನನ್ನ ಮಗೂನ ನಾನು ಕಣ್ಣು ಕಾಣದೋರ ವ್ಯಾನಲ್ಲಿ ಕಳಿಸ್ತಿದ್ನಾ?"

ಅಳಿಯನಿಗೆ ಬೈಯಲು ಯಾರೂ ಉಳಿದಿರಲಿಲ್ಲ. ಹೊರಗೆ ಮಾವ ಖುಷಿಯಿಂದ ಹಾರನ್ ಒತ್ತುತ್ತಿದ್ದರು. ಹೊಸ ಲೈಸೆನ್ಸಿನ ನೆಪದಲ್ಲಿ ಮೊಮ್ಮಗಳನ್ನು ಒಂದು ಸುತ್ತು ಕರೆದೊಯ್ಯಬೇಕಿತ್ತು.

"ಹೋಗು ಪುಟ್ಟಿ" ಎಂದಳು ಹೆಂಡತಿ, ಗಂಡನ ಕಡೆ ತಿರುಗಿಯೂ ನೋಡದೆ. "ತಾತನ ಜೊತೆ ಹೋಗಿ ಬಾ."

ಮಗಳು ಕುಣಿಯುತ್ತಾ ಓಡಿ ಕಾರಿನ ಮುಂದಿನ ಸೀಟಿನಲ್ಲಿ ಕುಳಿತಳು.